ಸೋಫಾಕ್ಕೆ ಎಆರ್, ಛತ್ರಕ್ಕೆ 360: ನಿಮ್ಮ ವ್ಯಾಪಾರಕ್ಕೆ ಒಗ್ಗುವುದು ಯಾವುದು?

ಕೊಳ್ಳಲು ಬಂದವರು ವಸ್ತುವನ್ನು ಮೆಚ್ಚಿ, ಬೆಲೆಯನ್ನೂ ಒಪ್ಪಿ, ಕೊನೆಗೆ "ಮನೇಲಿ ಕೇಳ್ಕೊಂಡು ಬರ್ತೀವಿ" ಎಂದು ಎದ್ದು ಹೋಗುವುದು ಎಲ್ಲ ಅಂಗಡಿಯವರೂ ಕಂಡದ್ದೇ. ಆ ಮಾತಿನ ಹಿಂದೆ ಬಹುಪಾಲು ಒಂದು ಅನುಮಾನ ಕೂತಿರುತ್ತದೆ. ಈ ಸೋಫಾ ನಮ್ಮ ಹಾಲ್‌ನಲ್ಲಿ ಹಿಡಿಸೀತೇ? ಈ ಜುಮುಕಿ ನನ್ನ ಮುಖಕ್ಕೆ ಒಪ್ಪೀತೇ? ಛತ್ರದ ಊಟದ ಹಾಲ್ ಫೋಟೊದಲ್ಲಿ ಕಂಡಷ್ಟು ದೊಡ್ಡದೇ? ಇನ್ನೂ ಗೋಡೆ ಏಳದ ಫ್ಲ್ಯಾಟ್ ಒಳಗಿನಿಂದ ಹೇಗಿರುತ್ತದೆ?

ಈ ನಾಲ್ಕು ಅನುಮಾನಗಳಿಗೆ ನಾಲ್ಕು ಬೇರೆ ಬೇರೆ ಉಪಾಯಗಳಿವೆ. ಸುತ್ತಲಿನ ಲೋಕವನ್ನು ಮರೆಮಾಡಿ ಇನ್ನೊಂದು ಜಾಗದೊಳಗೆ ನಿಲ್ಲಿಸುವುದು ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್. ಕ್ಯಾಮೆರಾದಲ್ಲಿ ಕಾಣುವ ನಿಮ್ಮದೇ ಜಾಗದ ಮೇಲೆ, ನಿಮ್ಮದೇ ಮುಖದ ಮೇಲೆ ಒಂದು ವಸ್ತುವನ್ನು ಕೂರಿಸುವುದು ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಎಆರ್. ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲೇ. ವಿಆರ್ ನೋಡಲು ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ ಕೊಂಡು ತಂದಾದ ಮೇಲೆ ಅದರಲ್ಲಿ ಏನು ತೋರಿಸೋಣ ಎಂದು ಯೋಚಿಸುತ್ತಾರೆ. ಮೊದಲು ಅನುಮಾನ ಯಾವುದೆಂದು ಗುರುತಿಸಿ. ನಿಮ್ಮ ಕೌಂಟರಿನಲ್ಲಿ ಕೂರುವವರಿಗೆ ಒಂದು ವಾರ ನೋಟ್‌ಬುಕ್ ಕೊಟ್ಟು, ಕೊಳ್ಳದೆ ಹೋದವರು ಕೊನೆಗೆ ಏನು ಕೇಳಿದರು ಎಂದು ಬರೆಸಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

"ಜಾಗ ಹೇಗಿದೆ?" ಎಂದು ಕೇಳುವವರಿಗೆ: 360 ಟೂರ್

ಕಲ್ಯಾಣ ಮಂಟಪ, ಹೋಂಸ್ಟೇ, ರೆಸಾರ್ಟ್, ಪಿಜಿ, ಶಾಲೆ, ಬಾಡಿಗೆ ಮನೆ, ಹೀಗೆ ಈಗಾಗಲೇ ಇರುವ ಜಾಗವನ್ನು ತೋರಿಸಬೇಕಿದ್ದರೆ ಬೇರೇನನ್ನೂ ಯೋಚಿಸಬೇಡಿ. ನಿಂತಲ್ಲೇ ಸುತ್ತಲೂ ತಿರುಗಿಸಿ ನೋಡಬಹುದಾದ ಚಿತ್ರಗಳ ಸಾಲೇ 360 ಟೂರ್. ನಾಲ್ಕರಲ್ಲಿ ಅತಿ ಕಡಿಮೆ ಖರ್ಚಿನದು ಇದೇ, ಹೆಚ್ಚು ಜನರ ಫೋನಿನಲ್ಲಿ ತೊಂದರೆಯಿಲ್ಲದೆ ತೆರೆಯುವುದೂ ಇದೇ. ಬೆನ್ನಿಗೆ ಬೆನ್ನು ಕೊಟ್ಟ ಎರಡು ಲೆನ್ಸಿನ ಕ್ಯಾಮೆರಾ ಇದ್ದರೆ ಸಾಕು. ಇನ್‌ಸ್ಟಾ360, ರಿಕೋ ಥೀಟಾ ಬಗೆಯವು ಬಾಡಿಗೆಗೂ ಸಿಗುತ್ತವೆ. ಒಂದು ಛತ್ರಕ್ಕೆ ಒಂದು ದಿನದ ಬಾಡಿಗೆ ಧಾರಾಳ.

ಕ್ಯಾಮೆರಾವನ್ನು ತೆಳು ಕಂಬದ ಸ್ಟ್ಯಾಂಡಿನ ಮೇಲೆ, ನೆಲದಿಂದ ಸುಮಾರು ಐದು ಅಡಿ ಎತ್ತರಕ್ಕೆ ನಿಲ್ಲಿಸಿ. ಅದಕ್ಕಿಂತ ಮೇಲೆ ಹೋದರೆ ಪೀಠೋಪಕರಣಗಳು ಕುಳ್ಳಗೆ ಕಾಣುತ್ತವೆ, ಕೆಳಗಿಳಿದರೆ ಮಗು ನೋಡಿದ ಹಾಗೆ. ಪ್ರತಿ ಬಾಗಿಲಲ್ಲಿ, ಪ್ರತಿ ತಿರುವಿನಲ್ಲಿ ಒಂದು ಚಿತ್ರ ಬೇಕು. ಕೋಣೆಯೊಳಗೆ ಎರಡು ಮೂರು ಮೀಟರಿಗೊಂದು ಸಾಕು. ಎರಡು ಲೆನ್ಸಿನ ಚಿತ್ರಗಳನ್ನು ಹೊಲಿಯುವ ಗೆರೆ ಕ್ಯಾಮೆರಾದ ಪಕ್ಕಗಳಲ್ಲಿ ಬರುತ್ತದೆ. ಆ ಗೆರೆಯ ಮೇಲೆ, ಒಂದು ಮೀಟರಿಗಿಂತ ಹತ್ತಿರ, ಬಾಗಿಲ ಚೌಕಟ್ಟೋ ಕಂಬವೋ ಇದ್ದರೆ ಅದು ಮುರಿದ ಹಾಗೆ ಕಾಣುತ್ತದೆ. ಆದ್ದರಿಂದ ಹತ್ತಿರದ ವಸ್ತುವಿನ ಕಡೆಗೆ ಲೆನ್ಸನ್ನೇ ತಿರುಗಿಸಿ. ಫ್ಯಾನ್ ನಿಲ್ಲಿಸಿ. ಕಿಟಕಿ ಬೆಳ್ಳಗಾಗಿ ಒಳಗೆಲ್ಲ ಕಪ್ಪಾಗದಂತೆ ಎಚ್‌ಡಿಆರ್‌ನಲ್ಲಿ ತೆಗೆಯಿರಿ.

360 ಚಿತ್ರದಲ್ಲಿ ಎಲ್ಲ ಹಾಲ್‌ಗಳೂ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತವೆ. ಇದನ್ನು ಲಾಭ ಎಂದುಕೊಂಡವರು ಮುಂಗಡ ಕೊಡುವ ದಿನ ಜಗಳ ಕಾಣುತ್ತಾರೆ. ಊಟದ ಹಾಲ್‌ನಲ್ಲಿ ಒಂದು ಪಂಕ್ತಿಯ ಮೇಜು ಕುರ್ಚಿ ಹಾಕಿಯೇ ತೆಗೆಯಿರಿ, ಚಿತ್ರದ ಮೇಲೆ ಉದ್ದ ಅಗಲ ಅಡಿಯಲ್ಲಿ ಬರೆಯಿರಿ, ಒಂದು ಪಂಕ್ತಿಗೆ ಎಷ್ಟು ಎಲೆ ಎಂದು ನಮೂದಿಸಿ. ಮಂಟಪದ ಅಲಂಕಾರ ನೋಡಿ ಯಾರೂ ಛತ್ರ ಗೊತ್ತುಮಾಡುವುದಿಲ್ಲ. ಅವರು ಹುಡುಕುವುದು ವಧೂವರರ ಕೋಣೆಯ ಸ್ನಾನಗೃಹ, ಅಡುಗೆಮನೆ, ಕಾರು ನಿಲ್ಲಿಸುವ ಜಾಗ, ವಯಸ್ಸಾದವರಿಗೆ ಲಿಫ್ಟ್. ಇವುಗಳ ಚಿತ್ರ ಇಲ್ಲದಿದ್ದರೆ ಟೂರ್ ಇದ್ದೂ ಫೋನ್ ಮಾಡಿ ಕೇಳುತ್ತಾರೆ.

ಸಿದ್ಧವಾದ ಚಿತ್ರಗಳನ್ನು ಗೂಗಲ್ ಮ್ಯಾಪ್ಸ್‌ನ ನಿಮ್ಮ ಪುಟಕ್ಕೆ ಪುಕ್ಕಟೆಯಾಗಿ ಏರಿಸಬಹುದು. ಅಗಲ ಎತ್ತರಗಳು 2:1 ಪ್ರಮಾಣದಲ್ಲಿರಬೇಕು, 7.5 ಮೆಗಾಪಿಕ್ಸೆಲ್‌ಗಿಂತ ಕಡಿಮೆ ಇರಬಾರದು. ನಿಮ್ಮದೇ ಜಾಲತಾಣದಲ್ಲಿ ತೋರಿಸಲು ಪ್ಯಾನೆಲಮ್, ಮಾರ್ಜಿಪಾನೊ ಎಂಬ ಮುಕ್ತ ತಂತ್ರಾಂಶಗಳಿವೆ. ಅವು ಚಿತ್ರವನ್ನು ತುಂಡು ತುಂಡಾಗಿ ಕಳಿಸಬಲ್ಲವು. ನೆಟ್‌ವರ್ಕ್ ಕ್ಷೀಣವಾಗಿರುವ ಮಲೆನಾಡಿನ ಹೋಂಸ್ಟೇಯ ದಾರಿಯಲ್ಲೇ ಕೂತು ತೆರೆಯುವವರಿಗೆ ಇದು ಮುಖ್ಯ, ಇಪ್ಪತ್ತು ಎಂಬಿಯ ಒಂದೇ ಚಿತ್ರ ಅಲ್ಲಿ ತೆರೆಯುವುದೇ ಇಲ್ಲ.

"ಹಿಡಿಸುತ್ತದೆಯೇ?" ಎಂದು ಕೇಳುವವರಿಗೆ: ಫೋನಿನ ಎಆರ್

2017ರ ಸೆಪ್ಟೆಂಬರಿನಲ್ಲಿ, ಐಫೋನಿನಲ್ಲಿ ಎಆರ್ ನಡೆಸುವ ಆ್ಯಪಲ್‌ನ ಎಆರ್‌ಕಿಟ್ ಬಂದ ಬೆನ್ನಲ್ಲೇ ಐಕಿಯಾ ತನ್ನ 'ಪ್ಲೇಸ್' ಆ್ಯಪ್ ತಂದು, ಸೋಫಾವನ್ನು ಮನೆಯ ನೆಲದ ಮೇಲೆ ನಿಜ ಅಳತೆಯಲ್ಲಿ ಇಟ್ಟು ನೋಡುವುದನ್ನು ಜನರಿಗೆ ಕಲಿಸಿತು. ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ 2020ರಲ್ಲಿ ಸ್ಕೇಪಿಕ್ ಎಂಬ ಎಆರ್ ಕಂಪನಿಯನ್ನು ಕೊಂಡು, 2021ರಲ್ಲಿ ಪೀಠೋಪಕರಣ, ಸೂಟ್‌ಕೇಸ್, ದೊಡ್ಡ ಯಂತ್ರಗಳನ್ನು ಕ್ಯಾಮೆರಾದಲ್ಲಿ ಇಟ್ಟು ನೋಡುವ ಸೌಲಭ್ಯ ಕೊಟ್ಟಿತು. ಇಂದು ಒಂದು ಸಣ್ಣ ಪೀಠೋಪಕರಣದ ಅಂಗಡಿಯೂ ಇದನ್ನು ಆ್ಯಪ್ ಇಲ್ಲದೆಯೇ ಮಾಡಬಹುದು. ಸ್ವಂತ ಆ್ಯಪ್ ಬೇಡವೇ ಬೇಡ. ವರ್ಷಕ್ಕೊಂದು ಸೋಫಾ ಕೊಳ್ಳದ ಮನುಷ್ಯ ಅದಕ್ಕಾಗಿ ಆ್ಯಪ್ ಇಳಿಸಿಕೊಳ್ಳುವುದಿಲ್ಲ.

ವೆಬ್ ಪುಟದಲ್ಲಿ 'ಮಾಡೆಲ್-ವ್ಯೂವರ್' ಎಂಬ ಗೂಗಲ್‌ನ ಮುಕ್ತ ತಂತ್ರಾಂಶ ಹಾಕಿದರೆ ಗುಂಡಿ ಒತ್ತಿದ ಕೂಡಲೇ ಆಂಡ್ರಾಯ್ಡ್‌ನಲ್ಲಿ ಸೀನ್ ವ್ಯೂವರ್, ಐಫೋನಿನಲ್ಲಿ ಕ್ವಿಕ್ ಲುಕ್ ತೆರೆದುಕೊಳ್ಳುತ್ತವೆ. ಇವೆರಡೂ ವಸ್ತುವಿನ ಮೂರು ಆಯಾಮದ ಮಾದರಿಯನ್ನು ಕ್ಯಾಮೆರಾದಲ್ಲಿ ಕೂರಿಸಿ ತೋರಿಸುತ್ತವೆ. ಮೊದಲನೆಯದಕ್ಕೆ ಜಿಎಲ್‌ಬಿ ಕಡತ, ಎರಡನೆಯದಕ್ಕೆ ಯುಎಸ್‌ಡಿಜೆಡ್ ಕಡತ ಬೇಕು. ಮಾದರಿ ಮಾಡಿಕೊಡುವವರಿಂದ ಎರಡನ್ನೂ ಕೇಳಿ ಪಡೆಯಿರಿ. ಒಂದು ವಸ್ತು ಐದು ಎಂಬಿಯೊಳಗೆ, ಅದರ ಆಕಾರ ಕಟ್ಟುವ ತ್ರಿಕೋನಗಳು ಒಂದು ಲಕ್ಷದೊಳಗೆ, ಮೇಲ್ಮೈ ಚಿತ್ರ 2048 ಪಿಕ್ಸೆಲ್ ಚೌಕದೊಳಗೆ ಇದ್ದರೆ ಸಾಧಾರಣ ಫೋನಿನಲ್ಲೂ ತಡವರಿಸದೆ ಬರುತ್ತದೆ.

ಇಲ್ಲಿ ಕೆಡುವ ಸಂಗತಿಗಳು ಹೆಚ್ಚು.

ಮೊದಲನೆಯದು ಅಳತೆ. ಜಿಎಲ್‌ಬಿ ಕಡತದ ಮಾನ ಮೀಟರ್. ಕಲಾವಿದರು ಸೆಂಟಿಮೀಟರಿನಲ್ಲಿ ಮಾದರಿ ಮಾಡಿ, ಬದಲಾಯಿಸದೆ ಕಳಿಸಿದರೆ 210 ಸೆಂಟಿಮೀಟರಿನ ಸೋಫಾ 210 ಮೀಟರ್ ಆಗುತ್ತದೆ. ಇದು ಕೂಡಲೇ ಕಣ್ಣಿಗೆ ಬೀಳುತ್ತದೆ, ಹಾಗಾಗಿ ಅಪಾಯವಿಲ್ಲ. ಅಪಾಯ ಇರುವುದು ನಾಲ್ಕು ಇಂಚಿನ ತಪ್ಪಿನಲ್ಲಿ. ಫೋಟೊ ನೋಡಿ ಅಂದಾಜಿನಲ್ಲಿ ಮಾಡಿದ ಮಾದರಿಗಳಲ್ಲಿ ಇದು ಸಾಮಾನ್ಯ. ಪ್ರತಿ ಮಾದರಿ ಬಂದಾಗಲೂ ಅದೇ ಸೋಫಾದ ಪಕ್ಕ ಫೋನಿನಲ್ಲಿ ಇಟ್ಟು, ನೆಲದ ಮೇಲೆ ಟೇಪು ಹಾಸಿ ತಾಳೆ ನೋಡಿ. ಇನ್ನೊಂದು, ಎರಡು ಬೆರಳಿನಲ್ಲಿ ಹಿಗ್ಗಿಸಿ ಕುಗ್ಗಿಸುವುದನ್ನು ನಿಲ್ಲಿಸಿ. ಮಾಡೆಲ್-ವ್ಯೂವರ್‌ನಲ್ಲಿ ಎಆರ್-ಸ್ಕೇಲ್ ಎಂಬುದನ್ನು 'ಫಿಕ್ಸೆಡ್' ಮಾಡಿದರಾಯಿತು. ಇಲ್ಲದಿದ್ದರೆ ಮಕ್ಕಳು ಸೋಫಾವನ್ನು ಕುಗ್ಗಿಸಿ ಮೂಲೆಯಲ್ಲಿ ಕೂರಿಸುತ್ತಾರೆ, ಅಪ್ಪ ಅದನ್ನೇ ನಂಬಿ ಆರ್ಡರ್ ಕೊಡುತ್ತಾರೆ.

ಎರಡನೆಯದು ನೆಲ. ಫೋನ್ ನೆಲವನ್ನು ಗುರುತಿಸುವುದು ಅಲ್ಲಿನ ಚುಕ್ಕಿ, ಗೆರೆ, ಕಲೆಗಳನ್ನು ಹಿಡಿದು. ಹೊಳೆಯುವ ವಿಟ್ರಿಫೈಡ್ ಟೈಲ್ಸ್, ನುಣ್ಣನೆಯ ರೆಡ್ ಆಕ್ಸೈಡ್ ನೆಲಗಳಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಮೇಲಾಗಿ ಟ್ಯೂಬ್‌ಲೈಟಿನ ಪ್ರತಿಬಿಂಬ ಫೋನಿನ ಜೊತೆಗೇ ಜಾರುತ್ತದೆ, ಅದರೊಂದಿಗೆ ಸೋಫಾವೂ ಜಾರುತ್ತದೆ. ಪರಿಹಾರ ಸರಳ: ನೆಲದ ಮೇಲೆ ಒಂದು ದಿನಪತ್ರಿಕೆ ಹರಡಿ ಅಥವಾ ಚಾಪೆ ಹಾಸಿ, ಅಲ್ಲಿಂದ ಫೋನನ್ನು ನಿಧಾನಕ್ಕೆ ಆಚೀಚೆ ಆಡಿಸಲು ಹೇಳಿ. ಈ ಒಂದು ಸಾಲನ್ನು ಗುಂಡಿಯ ಕೆಳಗೆ ಕನ್ನಡದಲ್ಲಿ ಬರೆದಿಡಿ. ಗೋಡೆಗೆ ತೂಗುವ ವಸ್ತುಗಳಾದರೆ ಕಷ್ಟ ಇನ್ನೂ ಹೆಚ್ಚು. ಒಂದೇ ಬಣ್ಣ ಬಳಿದ ಗೋಡೆಯಲ್ಲಿ ಕ್ಯಾಲೆಂಡರ್ ಅಥವಾ ಸ್ವಿಚ್‌ಬೋರ್ಡ್ ಇರುವ ಕಡೆಯಿಂದ ಶುರುಮಾಡಬೇಕು.

ಮೂರನೆಯದು ಫೋನ್. ಕಡಿಮೆ ಬೆಲೆಯ ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಫೋನಿನ ತಿರುವನ್ನು ಅಳೆಯುವ ಜೈರೋಸ್ಕೋಪ್ ಇರುವುದಿಲ್ಲ, ಅವು ಎಆರ್ ನಡೆಯುವ ಫೋನುಗಳ ಪಟ್ಟಿಯಾದ ಗೂಗಲ್‌ನ ಎಆರ್‌ಕೋರ್ ಪಟ್ಟಿಯಲ್ಲೂ ಇರುವುದಿಲ್ಲ. ಅಂಥವರಿಗೆ ಎಆರ್ ಗುಂಡಿ ಕಾಣಿಸದೆ, ಬೆರಳಲ್ಲಿ ತಿರುಗಿಸಿ ನೋಡುವ ಮಾದರಿ ಮತ್ತು ಅಳತೆ ಬರೆದ ಚಿತ್ರ ಕಾಣುವಂತೆ ಮಾಡಿ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಆ್ಯಪ್‌ಗಳೊಳಗಿಂದ ಕೊಂಡಿ ಒತ್ತಿದರೆ ಪುಟ ಅವುಗಳ ಒಳಗಿನ ಬ್ರೌಸರಿನಲ್ಲೇ ತೆರೆಯುತ್ತದೆ, ಅಲ್ಲಿ ಎಆರ್ ಅನೇಕ ಸಲ ಕೆಲಸ ಮಾಡುವುದಿಲ್ಲ. 'ಕ್ರೋಮ್‌ನಲ್ಲಿ ತೆರೆಯಿರಿ' ಎಂಬ ಸೂಚನೆ ಬೇಕು. ಐಫೋನಿನಲ್ಲಿ ಸೋಫಾ ಬದಲು ಕಡತವೇ ಇಳಿದುಬಂದರೆ ಸರ್ವರಿನಲ್ಲಿ ಯುಎಸ್‌ಡಿಜೆಡ್‌ನ ಮೈಮ್ ಟೈಪ್, ಅಂದರೆ ಕಡತ ಯಾವ ಬಗೆಯದು ಎಂದು ಫೋನಿಗೆ ತಿಳಿಸುವ ಗುರುತು, ತಪ್ಪಿದೆ ಎಂದು ತಿಳಿಯಿರಿ.

ಎಆರ್ ಏನು ಹೇಳಲಾರದು ಎಂಬುದನ್ನೂ ಗ್ರಾಹಕರಿಗೆ ನೇರ ಹೇಳಬೇಕು. ಅಳತೆಗೆ ನಂಬಬಹುದು, ಬಣ್ಣಕ್ಕೆ ನಂಬಬಾರದು. ಹಳದಿ ಬಲ್ಬಿನ ಕೆಳಗೆ ಫೋನ್ ಕ್ಯಾಮೆರಾ ತನ್ನಷ್ಟಕ್ಕೆ ಬಣ್ಣ ತಿದ್ದಿಕೊಳ್ಳುತ್ತದೆ, ತೇಗದ ಪಾಲಿಶ್ ಒಂದೊಂದು ಪರದೆಯಲ್ಲಿ ಒಂದೊಂದು ತರ ಕಾಣುತ್ತದೆ. ಬಟ್ಟೆಯ ತುಂಡನ್ನು, ಪಾಲಿಶ್ ಹಚ್ಚಿದ ಮರದ ಚಕ್ಕೆಯನ್ನು ಕೈಗೆ ಕೊಡಿ. ಹಾಲ್‌ನಲ್ಲಿ ಹಿಡಿಸಿದ ಸೋಫಾ ಬಾಗಿಲಲ್ಲಿ, ಲಿಫ್ಟಿನಲ್ಲಿ, ಮೆಟ್ಟಿಲ ತಿರುವಿನಲ್ಲಿ ಹಿಡಿಸೀತೇ ಎಂಬುದೂ ಎಆರ್‌ಗೆ ಗೊತ್ತಿಲ್ಲ. ಕಟ್ಟಿದ ಪೊಟ್ಟಣದ ಅಳತೆಯನ್ನು ಬೇರೆಯಾಗಿ ಬರೆಯಿರಿ, ಕೊಂಡೊಯ್ದ ಮಾಲು ವಾಪಸಾಗುವುದು ಇದರಿಂದ ತಪ್ಪುತ್ತದೆ.

ಮಾದರಿ ಮಾಡುವ ಖರ್ಚೇ ಇಲ್ಲಿನ ಮುಖ್ಯ ಖರ್ಚು, ಅದು ವಸ್ತುವಿಗೊಂದರಂತೆ ಬೀಳುತ್ತದೆ. ನೀವೇ ತಯಾರಕರಾಗಿದ್ದು ಕಾರ್ಖಾನೆಯ ಕ್ಯಾಡ್ (ಕಂಪ್ಯೂಟರಿನಲ್ಲಿ ಬರೆದ) ನಕ್ಷೆ ಇದ್ದರೆ ಅದರಿಂದಲೇ ಮಾಡಿಸಿ, ಅಳತೆ ತಪ್ಪುವುದಿಲ್ಲ. ಫೋಟೊಗಳಿಂದ ಸ್ಕ್ಯಾನ್ ಮಾಡುವ ಆ್ಯಪ್‌ಗಳು ಅಗ್ಗ, ಆದರೆ ಅವು ಎಲ್ಲಕ್ಕೂ ಅಲ್ಲ. ಬಿದಿರಿನ ಬುಟ್ಟಿ, ಕೈಮಗ್ಗದ ದಿಂಬು, ಮಣ್ಣಿನ ಕುಂಡ ಚೆನ್ನಾಗಿ ಬರುತ್ತವೆ. ಅರಗಿನ ಹೊಳಪಿನ ಚನ್ನಪಟ್ಟಣದ ಬೊಂಬೆ, ಹಿತ್ತಾಳೆಯ ದೀಪ, ಸ್ಟೀಲ್ ಪಾತ್ರೆ, ಗಾಜು ಬರುವುದಿಲ್ಲ. ಹೊಳಪು ನೋಡುವ ಕೋನದೊಂದಿಗೆ ಸರಿಯುವುದರಿಂದ ತಂತ್ರಾಂಶಕ್ಕೆ ಯಾವ ಚುಕ್ಕಿ ಎಲ್ಲಿದೆ ಎಂಬುದೇ ತಿಳಿಯದೆ ಮೇಲ್ಮೈ ಗುಳಿ ಬೀಳುತ್ತದೆ. ಸ್ಕ್ಯಾನಿಗೆ ಒಪ್ಪುವ ವಸ್ತುವಾದರೆ ಮೋಡದ ದಿನ ಅಥವಾ ನೆರಳಲ್ಲಿ, ಮೂರು ಎತ್ತರಗಳಿಂದ ಸುತ್ತು ಬಂದು, ಒಂದರ ಮೇಲೊಂದು ಮೂರನೇ ಎರಡರಷ್ಟು ಹೊಂದುವಂತೆ 60ರಿಂದ 100 ಫೋಟೊ ತೆಗೆಯಿರಿ.

"ನನಗೆ ಒಪ್ಪುತ್ತದೆಯೇ?" ಎಂದು ಕೇಳುವವರಿಗೆ: ಟ್ರೈ-ಆನ್

ಕ್ಯಾಮೆರಾದಲ್ಲಿ ಕಾಣುವ ತಮ್ಮ ಮುಖಕ್ಕೇ ವಸ್ತುವನ್ನು ತೊಡಿಸಿ ನೋಡುವುದು ಟ್ರೈ-ಆನ್. ಕನ್ನಡಕಕ್ಕೆ ಲೆನ್ಸ್‌ಕಾರ್ಟ್, ಒಡವೆಗೆ ಕ್ಯಾರಟ್‌ಲೇನ್ ಇದನ್ನು ಬಹಳ ಜನರಿಗೆ ಪರಿಚಯಿಸಿವೆ. ತುಟಿಬಣ್ಣದ ವಿಷಯದಲ್ಲಿ ಲೋರಿಯಲ್ 2018ರಲ್ಲಿ ಮೋಡಿಫೇಸ್ ಎಂಬ ಕಂಪನಿಯನ್ನೇ ಕೊಂಡಿತು. ಮುಖವನ್ನು ಬಿಂದುಗಳ ಬಲೆಯಾಗಿ ಗುರುತಿಸುವುದು ಇದರ ಮೂಲ. ಗೂಗಲ್‌ನ ಮೀಡಿಯಾಪೈಪ್ ಮುಖದಲ್ಲಿ 468, ಕೈಯಲ್ಲಿ 21 ಬಿಂದು ಹಿಡಿಯುತ್ತದೆ. ಒಂದೇ ಕ್ಯಾಮೆರಾಕ್ಕೆ ಮುಖದ ನಿಜ ಗಾತ್ರ ತಿಳಿಯದು. ಅದಕ್ಕೆ ಒಂದು ಜಾಣ ದಾರಿ ಇದೆ. ಕಣ್ಣಿನ ಕಪ್ಪುಗುಡ್ಡೆಯ ಅಗಲ ಹೆಚ್ಚುಕಡಿಮೆ ಎಲ್ಲರಲ್ಲೂ 11.7 ಮಿಲಿಮೀಟರ್ ಆಸುಪಾಸು, ಅದನ್ನೇ ಅಳತೆಗೋಲು ಮಾಡಿಕೊಳ್ಳುವುದು. ನಿಮಗೆ ತಂತ್ರಾಂಶ ಮಾರಲು ಬಂದವರನ್ನು "ಗಾತ್ರವನ್ನು ಯಾವುದರಿಂದ ಲೆಕ್ಕ ಹಾಕುತ್ತೀರಿ?" ಎಂದು ಕೇಳಿ. ಉತ್ತರ ತಡವರಿಸಿದರೆ, ಎರಡು ಇಂಚಿನ ಜುಮುಕಿ ಒಬ್ಬರ ಕಿವಿಯಲ್ಲಿ ಮೂರು ಇಂಚು ಕಂಡೀತು.

ವಸ್ತುವಿನಿಂದ ವಸ್ತುವಿಗೆ ಫಲ ಬೇರೆ. ಕನ್ನಡಕ ಅತ್ಯಂತ ಚೆನ್ನಾಗಿ ಕೂರುತ್ತದೆ, ಮೂಗು ಮತ್ತು ಕಣ್ಣು ಗಟ್ಟಿ ಆಧಾರಗಳು. ಮೂಗುತಿ, ಓಲೆ ಪರವಾಗಿಲ್ಲ. ಆದರೆ ಕೂದಲು ಕಿವಿ ಮುಚ್ಚಿದ್ದರೆ ಓಲೆ ಕೂದಲ ಮೇಲೆಯೇ ತೇಲುತ್ತದೆ. ಅವಲಕ್ಕಿ ಸರ, ಕಾಸಿನ ಸರದಂಥ ಉದ್ದ ಒಡವೆಗಳು ನಿಜದಲ್ಲಿ ಮೈಗೆ ತಕ್ಕಂತೆ ಬಳುಕಿ ಕೂರುತ್ತವೆ. ಪರದೆಯಲ್ಲಿ ಅಂಟಿಸಿದ ಚಿತ್ರದಂತಿರುತ್ತವೆ. ಚಿನ್ನಕ್ಕೆ ಸುತ್ತಲಿನ ಬೆಳಕಿನ ಪ್ರತಿಬಿಂಬ ಕೊಡದಿದ್ದರೆ ಹಳದಿ ಪ್ಲಾಸ್ಟಿಕ್‌ನಂತೆ ಕಾಣುತ್ತದೆ. ಒಳ್ಳೆಯ ಒಡವೆಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಬಳೆ, ಉಂಗುರಗಳಲ್ಲಿ ಅಂದ ತೋರಿಸಬಹುದು, ಅಳತೆ ಹೇಳಲಾಗದು. 2-4 ಬಳೆಯ ಒಳ ಅಗಲ 57.2 ಮಿಲಿಮೀಟರ್, 2-6ರದ್ದು 60.3, 2-8ರದ್ದು 63.5. ಈ ಮೂರು ಮಿಲಿಮೀಟರಿನ ವ್ಯತ್ಯಾಸ ನಿರ್ಧಾರವಾಗುವುದು ಮಡಿಸಿದ ಅಂಗೈಯ ಗೆಣ್ಣುಗಳಲ್ಲಿ, ಮಣಿಕಟ್ಟಿನಲ್ಲಲ್ಲ. ಆದ್ದರಿಂದ ಬಳೆಯ ಪಕ್ಕದಲ್ಲಿ ಅಳತೆಯ ಪಟ್ಟಿ ಇರಲೇಬೇಕು. ಸೀರೆಗೆ ಈ ದಾರಿಯನ್ನು ಸದ್ಯಕ್ಕೆ ಬಿಡುವುದೇ ಲೇಸು. ನೆರಿಗೆ, ಸೆರಗು, ಜರಿಯ ತೂಕ ಇವು ಕ್ಯಾಮೆರಾ ಆಟಕ್ಕೆ ದಕ್ಕುವುದಿಲ್ಲ. ಉಟ್ಟವರ ಒಳ್ಳೆಯ ವಿಡಿಯೊ ಹೆಚ್ಚು ಮಾರುತ್ತದೆ.

ಮುಖದ ಚಿತ್ರ ವೈಯಕ್ತಿಕ ದತ್ತಾಂಶ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಗ್ರಾಹಕರಿಗೆ ಇರಬೇಕು ಎನ್ನುತ್ತದೆ ಅದು. ಕನ್ನಡ ಆ ಪಟ್ಟಿಯಲ್ಲಿದೆ. ಚಿತ್ರ ಫೋನಿನೊಳಗೇ ಸಂಸ್ಕರಣೆಯಾಗಿ ಸರ್ವರಿಗೆ ಹೋಗದ ತಂತ್ರಾಂಶವನ್ನೇ ಆರಿಸಿ. ಅದನ್ನು ಪರೀಕ್ಷಿಸಲು ಪುಟ ತೆರೆದ ಮೇಲೆ ಇಂಟರ್‌ನೆಟ್ ಆಫ್ ಮಾಡಿ. ಓಲೆ ಕಿವಿಯಲ್ಲೇ ನಿಂತು ಮುಖದ ಜೊತೆ ತಿರುಗಿದರೆ ಲೆಕ್ಕ ಫೋನಿನಲ್ಲೇ ನಡೆಯುತ್ತಿದೆ. ಚಿತ್ರಗಳನ್ನು ಆಮೇಲೆ ಕಳಿಸಿಕೊಳ್ಳುವುದಿಲ್ಲ ಎಂಬುದನ್ನು ಮಾತ್ರ ಬರವಣಿಗೆಯಲ್ಲೇ ಪಡೆಯಿರಿ.

ಇನ್ನೂ ಇಲ್ಲದ್ದನ್ನು ತೋರಿಸಬೇಕಿದ್ದರೆ: ಹೆಡ್‌ಸೆಟ್

ಹೆಡ್‌ಸೆಟ್ ತನ್ನ ಬೆಲೆ ದುಡಿಯುವುದು ಬಹುಮಟ್ಟಿಗೆ ಒಂದೇ ಕಡೆ: ಕೊಳ್ಳುವ ಮೊತ್ತ ದೊಡ್ಡದು, ವಸ್ತು ಇನ್ನೂ ತಯಾರಾಗಿಲ್ಲ, ಮಾದರಿ ಕಟ್ಟಿ ತೋರಿಸುವುದು ದುಬಾರಿ. ಕಟ್ಟುತ್ತಿರುವ ಫ್ಲ್ಯಾಟ್, ಮಾಡ್ಯುಲರ್ ಅಡುಗೆಮನೆ, ಕಾರ್ಖಾನೆಯ ಯಂತ್ರ ಇಂಥವು. ಪರದೆಯ ಮೇಲಿನ ಚಿತ್ರದಲ್ಲಿ ಹತ್ತಡಿ ಕೋಣೆಯನ್ನು ಅಗಲ ಲೆನ್ಸಿನಿಂದ ಹದಿನಾರಡಿ ಮಾಡಬಹುದು. ಹೆಡ್‌ಸೆಟ್ಟಿನೊಳಗೆ ಗೋಡೆ ಎಲ್ಲಿದೆಯೋ ಅಲ್ಲೇ ಇರುತ್ತದೆ, ಆದ್ದರಿಂದಲೇ ಅದನ್ನು ಗೌರವಿಸಬೇಕು.

ಆದರೂ ಅಲ್ಲೂ ಮೋಸಕ್ಕೆ ದಾರಿ ಇದೆ. ಮಂಚವನ್ನು ಚಿಕ್ಕದು ಮಾಡಿದರೆ ಕೋಣೆ ದೊಡ್ಡದಾಗುತ್ತದೆ. 60×78 ಇಂಚಿನ ಮಂಚ ವಿಆರ್‌ನಲ್ಲೂ ಅಷ್ಟೇ ಇರಲಿ. ಇದು ನೀತಿಯ ಮಾತಷ್ಟೇ ಅಲ್ಲ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 12ನೇ ಕಲಮಿನ ಪ್ರಕಾರ ಜಾಹೀರಾತಿನ ಅಥವಾ ಮಾದರಿ ಫ್ಲ್ಯಾಟಿನ ತಪ್ಪು ಮಾಹಿತಿ ನಂಬಿ ಹಣ ಕೊಟ್ಟವರಿಗೆ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು. ವಿಆರ್ ದೃಶ್ಯವನ್ನು ಮಂಜೂರಾದ ನಕ್ಷೆಯಿಂದಲೇ ಮಾಡಿಸಿ, ನಕ್ಷೆ ಬದಲಾದ ದಿನವೇ ಹಳೆಯದನ್ನು ತೆಗೆದುಹಾಕಿ.

ಬಿಸಿಲಿನ ದಿಕ್ಕನ್ನೂ ಖಚಿತಪಡಿಸಿಕೊಳ್ಳಿ. ತಂತ್ರಾಂಶಗಳಲ್ಲಿ ಊರು ಬದಲಿಸದೆ ಬಿಟ್ಟರೆ ಯುರೋಪಿನ ಸೂರ್ಯನಂತೆ ಮಧ್ಯಾಹ್ನದ ಬಿಸಿಲು ಸದಾ ದಕ್ಷಿಣದಿಂದ ಬೀಳುತ್ತಿರುತ್ತದೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ವಾಸ್ತು ನೋಡುವ ಮನೆಯವರು ದಿಕ್ಕನ್ನು ಮೊದಲು ಕೇಳುತ್ತಾರೆ, ಅಲ್ಲಿ ತಪ್ಪಿದರೆ ಉಳಿದದ್ದನ್ನೂ ನಂಬುವುದಿಲ್ಲ.

ನಮ್ಮಲ್ಲಿ ಮನೆ ನೋಡಲು ಒಬ್ಬರೇ ಬರುವುದಿಲ್ಲ. ಒಬ್ಬರು ಹೆಡ್‌ಸೆಟ್ ಹಾಕಿಕೊಂಡಾಗ ಉಳಿದ ಐವರು ಗೋಡೆ ನೋಡುತ್ತಾ ಕೂರಬಾರದು. ಅದೇ ದೃಶ್ಯವನ್ನು ಟಿವಿಗೆ ಕಳಿಸಿ, ಅದಕ್ಕೆ 5 ಗಿಗಾಹರ್ಟ್ಸ್ ವೈಫೈ ಇಡಿ. ಮುಡಿಯಲ್ಲಿ ಮಲ್ಲಿಗೆ, ಹಣೆಯಲ್ಲಿ ಕುಂಕುಮ, ಬಿಗಿಯಾದ ತುರುಬು ಇರುವವರು ಪಟ್ಟಿಯನ್ನು ತಲೆಗೆ ಬಿಗಿಯಲು ಒಪ್ಪದಿರುವುದು ಸಹಜ. ಅವರಿಗೆ ಕೈಯಲ್ಲಿ ಹಿಡಿದು ನೋಡಲು ಹೇಳಿ, ಇಲ್ಲವೇ ಟಿವಿ ಸಾಕು. ಸ್ಪಂಜಿನ ಬದಲು ಒರೆಸಲು ಬರುವ ಸಿಲಿಕೋನ್ ಮುಖಪಟ್ಟಿ ಹಾಕಿ, ಪ್ರತಿಯೊಬ್ಬರ ನಂತರ ಒರೆಸಿ. ಲೆನ್ಸಿಗೆ ಮಾತ್ರ ಒಣ ಮೈಕ್ರೋಫೈಬರ್ ಬಟ್ಟೆ. ಕಿಟಕಿಯ ಪಕ್ಕ ಲೆನ್ಸ್ ಮೇಲಾಗಿ ಇಡಬೇಡಿ, ಬಿಸಿಲು ಲೆನ್ಸಿನಲ್ಲಿ ಕೂಡಿ ಒಳಗಿನ ಪರದೆಯನ್ನು ಸುಟ್ಟುಬಿಡುತ್ತದೆ.

ತಲೆ ಸುತ್ತುವುದಕ್ಕೆ ಎರಡು ಕಾರಣ. ಚಿತ್ರ ಸೆಕೆಂಡಿಗೆ 72 ಚೌಕಟ್ಟಿಗಿಂತ ಕೆಳಗೆ ಇಳಿಯುವುದು, ಇಲ್ಲವೇ ಕೂತವರ ಕಣ್ಣು ನಡೆಯುತ್ತಿರುವಂತೆ ದೃಶ್ಯ ಜಾರುವುದು. ಭಾರದ ದೃಶ್ಯವನ್ನು ಹಗುರ ಮಾಡಿಸಿ, ಜಾರುವ ಬದಲು ಬೊಟ್ಟು ಮಾಡಿದ ಕಡೆಗೆ ನೆಗೆಯುವ ವ್ಯವಸ್ಥೆ ಇಡಿಸಿ, ತಿರುಗುವ ಕುರ್ಚಿಯಲ್ಲಿ ಕೂರಿಸಿ, ಐದು ನಿಮಿಷಕ್ಕೆ ಮುಗಿಸಿ. ಮೆಟಾ ಕ್ವೆಸ್ಟ್ 3ರ ತೂಕ 515 ಗ್ರಾಂ, ಬ್ಯಾಟರಿ ಸುಮಾರು ಎರಡು ಗಂಟೆ. ಭಾನುವಾರ ಜನ ಕಿಕ್ಕಿರಿಯುವ ಕಚೇರಿಗೆ ಎರಡು ಹೆಡ್‌ಸೆಟ್ ಬೇಕು. ಆಮದಾದ ಮಾಲಾದರೆ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಬಿಲ್ ಕಟ್ಟುವ ಮೊದಲೇ ಕೇಳಿ.

ಯಾರ ಅಂಗಳದಲ್ಲಿ ಕಟ್ಟುತ್ತಿದ್ದೀರಿ

2025ರ ಜನವರಿ 14ರಂದು ಮೆಟಾ ಎಆರ್ ಫಿಲ್ಟರ್ ಮಾಡಲು ಕೊಟ್ಟಿದ್ದ ತನ್ನ ಸ್ಪಾರ್ಕ್ ವೇದಿಕೆಯನ್ನು ನಿಲ್ಲಿಸಿದಾಗ ಹೊರಗಿನವರು ಮಾಡಿದ್ದ ಇನ್‌ಸ್ಟಾಗ್ರಾಮ್ ಎಆರ್ ಫಿಲ್ಟರುಗಳೆಲ್ಲ ಒಟ್ಟಿಗೆ ಹೋದವು. ಗೂಗಲ್ 2021ರ ಜೂನ್‌ನಲ್ಲಿ ಮೂರು ಆಯಾಮದ ಮಾದರಿಗಳ ತಾಣ ಪಾಲಿಯನ್ನು, 2023ರ ಮಾರ್ಚಿನಲ್ಲಿ ಸ್ಟ್ರೀಟ್ ವ್ಯೂ ಆ್ಯಪನ್ನು ಮುಚ್ಚಿತು. ತಿಂಗಳ ಚಂದಾದ ಟೂರ್ ಸೇವೆಗಳಲ್ಲಿ ಚಂದಾ ನಿಂತ ದಿನ ಟೂರ್ ಕೂಡ ನಿಲ್ಲುತ್ತದೆ. ವೇದಿಕೆ ಯಾವುದೇ ಇರಲಿ, ಮೂಲ ಕಡತಗಳು ನಿಮ್ಮ ಹಾರ್ಡ್‌ಡಿಸ್ಕಿನಲ್ಲಿ ಇರಬೇಕು: ಪೂರ್ಣ ಗಾತ್ರದ 360 ಚಿತ್ರಗಳು, ಜಿಎಲ್‌ಬಿ, ಯುಎಸ್‌ಡಿಜೆಡ್, ಜೊತೆಗೆ ಅವನ್ನು ಮಾಡಿದ ಬ್ಲೆಂಡರ್ ಅಥವಾ ಮ್ಯಾಕ್ಸ್ ತಂತ್ರಾಂಶದ ಮೂಲ ಕಡತ. "ಕಡತ ಕೊಡುವುದಿಲ್ಲ, ಲಿಂಕ್ ಮಾತ್ರ" ಎನ್ನುವವರ ಬಳಿ ಕೆಲಸ ಕೊಡಬೇಡಿ.

ಕೊಟೇಶನ್ ಕೇಳುವಾಗ ಇಡೀ ಅಂಗಡಿಗೆ ಕೇಳದೆ ಮೂರೇ ವಸ್ತುಗಳಿಗೆ ಕೇಳಿ: ಹೆಚ್ಚು ಮಾರುವುದೊಂದು, ಹೆಚ್ಚು ವಾಪಸ್ ಬರುವುದೊಂದು, ಮಾದರಿ ಮಾಡಲು ಕಷ್ಟವಾದ ಹೊಳಪಿನದೊಂದು. ಮೂರನೆಯದರಲ್ಲಿ ಅವರ ಕೈಗುಣ ಗೊತ್ತಾಗುತ್ತದೆ, ಎರಡನೆಯದರಲ್ಲಿ ನಿಮ್ಮ ಲಾಭ. ಎಷ್ಟು ಜನ ಎಆರ್ ಗುಂಡಿ ಒತ್ತಿದರು ಎಂಬ ಲೆಕ್ಕಕ್ಕೆ ಮರುಳಾಗಬೇಡಿ, ಮಕ್ಕಳೂ ಒತ್ತುತ್ತಾರೆ. ಎಆರ್ ಹಾಕುವುದಕ್ಕಿಂತ ಹಿಂದಿನ ಮೂರು ತಿಂಗಳು ಮತ್ತು ಹಾಕಿದ ಮುಂದಿನ ಮೂರು ತಿಂಗಳಲ್ಲಿ ಆ ವಸ್ತುವಿಗೆ ಬಂದ ವಾಟ್ಸ್ಆ್ಯಪ್ ವಿಚಾರಣೆ, ಮಾರಾಟ, ವಾಪಸಾತಿಗಳನ್ನು ಪಕ್ಕಪಕ್ಕದಲ್ಲಿ ಬರೆಯಿರಿ. ದಸರಾ, ದೀಪಾವಳಿಯ ಮಾರಾಟ ಆ ಮುಂದಿನ ಮೂರು ತಿಂಗಳಲ್ಲಿ ಬರುವಂತಿದ್ದರೆ ಹೋದ ವರ್ಷದ ಅದೇ ತಿಂಗಳುಗಳ ಜೊತೆ ಹೋಲಿಸಿ.